ಬೊಗಳದ ನಾಯಿ

ಆಗಸ್ಟ್ 24, ಶನಿವಾರ. ಬೆಳಿಗ್ಗೆ 8.40

ಎಂಟು ಮೈಲಿ ಓಡಿದೆವು. ಬಲಮಂಡಿ ಮತ್ತೆ ಊದಿದೆ. ಫ್ರೀಜರ್‌ನಿಂದ ಬ್ಲೂಬೆರಿ ಚೀಲ ತೆಗೆದು ಮೇಲಿಟ್ಟುಕೊಂಡು ಕೂತಿದ್ದೇನೆ. ಹೆಂಡತಿ ಲೋಯಿಸ್ ನೋಡಿದರೆ ಆ ಹಣ್ಣನ್ನು ಪೈಗೆ ಹಾಕುವುದಿಲ್ಲ.

ಮಗಳು ಬ್ರೆನಾಳ ಎಡಗೈಯಲ್ಲಿ ಹಗ್ಗದ ಒಂದು ತುದಿ, ನನ್ನ ಬಲಗೈಯಲ್ಲಿ ಇನ್ನೊಂದು. ಆರು ವರ್ಷದಿಂದ ಶನಿವಾರ ಅಂದರೆ ಇಷ್ಟೇ. ಹನ್ನೊಂದನೇ ವಯಸ್ಸಿಗೆ ಅವಳ ಕಣ್ಣು ಪೂರ್ತಿ ಹೋಯಿತು. ಹದಿಮೂರಕ್ಕೆ ಓಡಬೇಕು ಅಂದಳು, ಹಗ್ಗ ಹಿಡಿದೆ. ಈಗ ಹತ್ತೊಂಬತ್ತು. ಗುಂಡಿ, ತಿರುವು, ಮೆಟ್ಟಿಲು, ಎಲ್ಲವನ್ನೂ ನಾನು ಹೇಳಬೇಕು, ಅವಳು ನಂಬಬೇಕು.

ಇವತ್ತು ಬಾಗಿಲಲ್ಲಿ ಶೂ ಬಿಚ್ಚುತ್ತಾ —

"ಅಪ್ಪಾ, ಅಕ್ಟೋಬರ್ ರೇಸ್‌ಗೆ ಟಾಡ್ ಅವರನ್ನ ಕೇಳಿದೀನಿ. ಒಪ್ಕೊಂಡ್ರು."

"ಯಾವ ಟಾಡ್?" ನಮ್ಮ ಚರ್ಚಿನಲ್ಲಿ ಇರುವುದು ಒಬ್ಬನೇ.

"ಹದಿಮೂರು ಮೈಲಿ ಎರಡು ಗಂಟೆ ಒಳಗೆ ಮುಗಿಸ್ಬೇಕು ನಂಗೆ. ಹಗ್ಗ ಹಿಡಿಯೋರು ನನಗಿಂತ ಜೋರಾಗಿ ಓಡ್ಬೇಕಪ್ಪಾ. ನಾನೇ ಅವರನ್ನ ಎಳ್ಕೊಂಡು ಹೋಗೋದಲ್ಲ. ಬೇಜಾರಾ?"

"ಬೇಜಾರ್ ಯಾಕೆ."

ಬೇಜಾರಲ್ಲ. ಹೊಟ್ಟೆ ಉರಿಯುತ್ತಿದೆ.

ಆಗಸ್ಟ್ 25, ಭಾನುವಾರ

ಟಾಡ್ ವಿಯರ್ಡಾ ಇವತ್ತು ಸಭೆಯ ಮುಂದೆ ನಿಂತು ಪ್ರಾರ್ಥನೆ ಮಾಡಿದ. ಐಯೋವಾದಿಂದ ಬಂದು ಎರಡು ವರ್ಷವಾಗಿಲ್ಲ, ಆಗಲೇ ಸಭೆಯ ಹಿರಿಯ. ಆ ಸ್ಥಾನಕ್ಕೆ ನನ್ನ ಹೆಸರು ಮೂರು ಸಲ ಮತಕ್ಕೆ ಬಂತು, ಮೂರು ಸಲವೂ ಬಿತ್ತು. ಇಪ್ಪತ್ತಾರು ವರ್ಷದಿಂದ ಆ ಚರ್ಚಿನ ಫರ್ನೇಸ್ ರಿಪೇರಿ ಮಾಡುತ್ತಿರುವವನು ನಾನು. ಅವರೆಲ್ಲ ಬೆಚ್ಚಗೆ ಕೂತು ಅವನಿಗೆ ಮತ ಹಾಕಿದರು.

ಧ್ವನಿ ಚೆನ್ನಾಗಿದೆ ಅನ್ನುವುದನ್ನು ಒಪ್ಪಬೇಕು. ಕಾಲೂ ಚೆನ್ನಾಗಿವೆ. ನಲವತ್ತೊಂದು ವಯಸ್ಸಿಗೆ ಆ ಕಾಲು... ದೇವರು ಕೊಡುವಾಗ ಒಬ್ಬನಿಗೇ ಕೊಡುತ್ತಾನೆ.

ಪಾಸ್ಟರ್ ಪ್ರಸಂಗ ಮಾಡುವಾಗ ಲೋಯಿಸ್ ಎಂದಿನಂತೆ ಪೆಪ್ಪರ್‌ಮೆಂಟು ದಾಟಿಸಿದಳು. ಕಟಕಟ ಕಚ್ಚಿದೆ.

"ಮೆಲ್ಲಗೆ. ಟಾಡ್ ತಲೆ ಅಂದ್ಕೊಂಡ್ಯಾ?" ಅಂತ ಕಿವಿಯಲ್ಲಿ ಅಂದಳು. ಈ ಹೆಂಗಸಿನಿಂದ ಏನನ್ನೂ ಮುಚ್ಚಿಡುವ ಹಾಗಿಲ್ಲ.

ಆಗಸ್ಟ್ 31, ಶನಿವಾರ. 7.50

ಬ್ರೆನಾ ಟಾಡ್ ಜೊತೆ ಓಡಲು ಹೋಗಿ ಒಂದು ಗಂಟೆಯಾಯಿತು. ಕಿಟಕಿ ಹತ್ತಿರ ಕಾಫಿ ಹಿಡಿದು ಕೂತಿದ್ದೇನೆ.

ಇನ್ನೊಂದು ಸಂಗತಿ ಇದೆ. ಇಲ್ಲಾದರೂ ಬರೆಯಬೇಕು. ಮನೆ ಅರ್ಧ ಮೈಲಿ ಇರುವಾಗ ಒಂದು ದಿಬ್ಬ ಬರುತ್ತದೆ. ಹತ್ತಿದ ಕೂಡಲೇ ಮೂಲೆ ಮನೆ. ಎರಡು ವರ್ಷದ ಹಿಂದೆ ಅಲ್ಲಿ ನನಗೆ ಉಸಿರು ಕಟ್ಟಿತು, ಕಣ್ಣು ಕತ್ತಲೆ ಬಂತು. ಅವಳು ಮಾತ್ರ ಹಾಡಿಕೊಂಡು ಓಡುತ್ತಿದ್ದಳು. ನಿಲ್ಲು ಅನ್ನುವುದಕ್ಕೆ ನಾಚಿಕೆ. "ಹುಷಾರು, ಆ ಮನೆಯವರ ನಾಯಿ ಹೊರಗಿದೆ, ನಿಧಾನಕ್ಕೆ ನಡಿ" ಅಂದೆ.

ನಾಯಿ ಇರಲಿಲ್ಲ. ಇಲ್ಲ.

"ಬೊಗಳ್ಲೇ ಇಲ್ಲ?" ಅಂತ ಕೇಳಿದಳು. "ಬೊಗಳೋ ನಾಯಿ ಕಚ್ಚಲ್ಲ. ಇದು ಬೊಗಳದ ನಾಯಿ" ಅಂದೆ. ಬೊಗಳುವ ನಾಯಿ ಅಂದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. ಆಮೇಲೆ ಪ್ರತಿ ಶನಿವಾರ ಅಲ್ಲಿ ನಾಯಿ ಇತ್ತು. ನಡೆದೆವು. ಉಸಿರು ಸಿಕ್ಕಿತು.

ಬಂದರು. ನಗುತ್ತಿದ್ದಾರೆ ಇಬ್ಬರೂ. ನನ್ನ ಜೊತೆ ಓಡಿ ಬಂದು ಅವಳು ಯಾವತ್ತು ಹಾಗೆ ನಕ್ಕಿದ್ದಳು?

8.30 — ನಾಯಿಯ ವಿಷಯ ಕೇಳಿದೆ, ಏನೂ ಗೊತ್ತಿಲ್ಲದವನ ಹಾಗೆ. "ಆ ಕಡೆ ಫುಟ್‌ಪಾತ್‌ಗೆ ದಾಟಿಸ್ಕೊಂಡು ಹೋದೆ ಅವರನ್ನ. ಅವರಿಗೆ ಕಾಣಿಸ್ಲಿಲ್ವಂತೆ" ಅಂದಳು.

"ಕೆಲವು ದಿನ ಒಳಗೆ ಕಟ್ಟಿರ್ತಾರೆ."

ಎಷ್ಟು ಬೇಗ ಬಂತು ಆ ಮಾತು ಬಾಯಿಗೆ.

ಸೆಪ್ಟೆಂಬರ್ 14, ಶನಿವಾರ

ಮಾಡಬಾರದ್ದು ಮಾಡಿದೆ. ಕೆಲಸದ ವ್ಯಾನಿನಲ್ಲಿ ಹೋಗಿ ಆ ಮೂಲೆಯ ಹತ್ತಿರ ನಿಲ್ಲಿಸಿ ಕೂತೆ. ನೋಡಬೇಕು ಅಷ್ಟೇ ಅಂದುಕೊಂಡೆ. ಅವನು ಏನಾದರೂ ತಪ್ಪು ಮಾಡಲಿ ಅಂತಲೂ ಅಂದುಕೊಂಡೆ, ಸುಳ್ಳೇಕೆ.

ತಪ್ಪು ಮಾಡಲಿಲ್ಲ. ಹಗ್ಗ ಸಡಿಲವಾಗಿತ್ತು. ನಾನು ಹಿಡಿದರೆ ಬಿಗಿಯಾಗಿರುತ್ತದೆ, ಎತ್ತು ಕಟ್ಟಿದ ಹಾಗೆ. ಅವನು ಮಾತೇ ಆಡುತ್ತಿರಲಿಲ್ಲ. ಎರಡು ಜೊತೆ ಕಾಲು ಒಂದೇ ಸಲ ನೆಲಕ್ಕೆ ಬೀಳುತ್ತಿದ್ದವು. ದಿಬ್ಬವನ್ನು ಅವಳು ಹಾರಿಕೊಂಡು ಹತ್ತಿದಳು. ನನ್ನ ಮಗಳು ಹಾಗೆ ಓಡಬಲ್ಲಳು ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಬಿಟ್ಟಿರಲಿಲ್ಲ.

ಮೂಲೆ ಬಂತು. ಅವಳು ಕೈ ಎತ್ತಿದಳು, ಇಬ್ಬರೂ ನಿಧಾನಿಸಿ ರಸ್ತೆ ದಾಟಿದರು. ನನ್ನ ನಾಯಿಗೆ ಹೆದರಿ. ಟಾಡ್ ಆ ಮನೆಯನ್ನು ನೋಡಿದ — ಅಂಚೆ ಡಬ್ಬಿ, ಹುಲ್ಲು, ಹೂವಿನ ಕುಂಡ. ಆಮೇಲೆ ನನ್ನ ವ್ಯಾನ್ ನೋಡಿದ. ಎರಡೂ ಪಕ್ಕಕ್ಕೆ ನನ್ನ ಹೆಸರು ಒಂದಡಿ ಎತ್ತರದ ಅಕ್ಷರದಲ್ಲಿದೆ.

ಕೈ ಬೀಸಿದ, ಪುಣ್ಯಾತ್ಮ. ಸೀಟಿನಲ್ಲಿ ಕುಸಿದು ಕೂತೆ. ಐವತ್ತನಾಲ್ಕು ವರ್ಷದ ಗಂಡಸು.

ಸೆಪ್ಟೆಂಬರ್ 24, ಮಂಗಳವಾರ. ರಾತ್ರಿ 9

ಚರ್ಚಿನ ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬರುವ ದಿನ. ಇಬ್ಬರು ಬರಬೇಕು. ಬಂದದ್ದು ಮುದುಕ ಮಾರ್ವಿನ್, ಮತ್ತೆ ಇನ್ಯಾರು, ಟಾಡ್. ಮಾರ್ವಿನ್ ಕೇಕ್ ತಿಂದ. ಟಾಡ್ ಕೇಳಬೇಕಾದ್ದನ್ನು ಕೇಳಿದ. ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆಯೇ, ಪ್ರಭುಭೋಜನ ಹತ್ತಿರ ಬಂತು, ಯಾರಿಗಾದರೂ ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇದೆಯೇ.

ಅವನೇ ಕೇಳುತ್ತಾನೆ. ನನ್ನ ಸೋಫಾದ ಮೇಲೆ ಕೂತು.

"ಏನಿಲ್ಲ" ಅಂದೆ.

ಮಾತು ಬದಲಿಸಲಿಕ್ಕೋ ಏನೋ, ಬ್ರೆನಾಳ ಕಡೆ ತಿರುಗಿದ. "ಎಡಗೈ ಇನ್ನೂ ನೋಯುತ್ತಾ? ಹಗ್ಗ ಜಗ್ಗಿದಾಗ ಮುಖ ಕಿವುಚ್ತೀಯ."

"ಫೆಬ್ರವರೀಲಿ ಮುರಿದಿತ್ತಲ್ಲ, ಎರಡು ಮೊಳೆ ಇದೆ ಒಳಗೆ. ಹಿಟ್ಟಿನ ಗಿರಣಿ ಹತ್ತಿರ ಐಸ್ ಮೇಲೆ ಜಾರಿದೆ."

"ಲೈಬ್ರರಿಗೆ ಹೋಗೋಕೆ ಗಿರಣಿ ಕಡೆ ಯಾಕೆ?" ಲೋಯಿಸ್ ಕಾಫಿ ಸುರಿಯುತ್ತಾ ಕೇಳಿದಳು. ಅವಳಿಗೂ ಹೊಳೆದದ್ದು ಈಗಲೇ. ಬ್ರೆನಾ ಲೈಬ್ರರಿಯಲ್ಲಿ ಫೋನಿಗೆ ಉತ್ತರಿಸುವ ಕೆಲಸ ಮಾಡುತ್ತಾಳೆ, ಬಿಳಿ ಕೋಲು ಹಿಡಿದು ಒಬ್ಬಳೇ ಹೋಗುತ್ತಾಳೆ. ನೇರ ಹೋದರೆ ಹತ್ತು ನಿಮಿಷ.

"ನೇರ ಹೋದ್ರೆ ಆ ಮೂಲೆ ಸಿಗುತ್ತಲ್ಲಮ್ಮಾ. ನಾಯಿ ಇದೆ. ಬೊಗಳಲ್ಲ, ಎಲ್ಲಿದೆ ಅಂತ ಗೊತ್ತಾಗಲ್ಲ. ಅಪ್ಪನ ಜೊತೆ ಇದ್ರೆ ಸರಿ. ಒಬ್ಬಳೇ ಇದ್ರೆ ನಾನು ಸುತ್ತಿಕೊಂಡೇ ಹೋಗೋದು."

"ಯಾವ ನಾಯಿ?" ಅಂದಳು ಲೋಯಿಸ್.

ಟಾಡ್ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಎಲ್ಲ ಗೊತ್ತಾಯಿತು ಅವನಿಗೆ. ಒಂದು ಮಾತು ಸಾಕಿತ್ತು. ನಾನವನ ಜಾಗದಲ್ಲಿ ಇದ್ದಿದ್ದರೆ ಆಡಿಯೇ ಬಿಡುತ್ತಿದ್ದೆ.

"ಕಾಫಿ ಚೆನ್ನಾಗಿದೆ, ಲೋಯಿಸ್" ಅಂದ. ಪ್ರಾರ್ಥನೆ ಮಾಡಿ ಎದ್ದ. ಲೋಯಿಸ್ ಕೇಳಿದ್ದು ಅಲ್ಲೇ ಉಳಿಯಿತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಒಳ್ಳೆಯತನವನ್ನು ಹೇಗೆ ತಡೆದುಕೊಳ್ಳಲಿ? ಅದನ್ನೂ ಅವನೇ ಇಟ್ಟುಕೊಂಡಿದ್ದಾನೆ.

ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದೆ. ಗಿರಣಿ ಕಡೆ ಯಾಕೆ ಹೋದೆ ಅಂತ ಕೇಳಿರಲಿಲ್ಲ.

ಅಕ್ಟೋಬರ್ 6, ಭಾನುವಾರ

ಹನ್ನೆರಡು ದಿನ ಏನೂ ಬರೆಯಲಿಲ್ಲ. ಓಡಲೂ ಇಲ್ಲ.

ಇವತ್ತು ಪ್ರಭುಭೋಜನ. ಮೊದಲು ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳಿ, ತಪ್ಪು ಮುಚ್ಚಿಟ್ಟುಕೊಂಡವರು ರೊಟ್ಟಿ ಮುಟ್ಟಬೇಡಿ ಅಂದರು ಪಾಸ್ಟರ್. ಎಲ್ಲರಿಗೂ ಹೇಳಿದ್ದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ.

ರೊಟ್ಟಿಯ ತಟ್ಟೆ ಬೆಂಚಿನುದ್ದಕ್ಕೂ ಬಂತು. ಬ್ರೆನಾಳ ಕೈ ಹಿಡಿದು ಅವಳ ತುಂಡು ತೋರಿಸಿದೆ. ನಾನು ತೆಗೆದುಕೊಳ್ಳಲಿಲ್ಲ. ಲೋಯಿಸ್‌ಗೆ ದಾಟಿಸಿದೆ. ದ್ರಾಕ್ಷಾರಸವನ್ನೂ ದಾಟಿಸಿದೆ. ಆ ಕಡೆಯಿಂದ ತಟ್ಟೆ ಇಸಿದುಕೊಳ್ಳಲು ನಿಂತವನು ಟಾಡ್.

ಬ್ರೆನಾಳಿಗೆ ಕಾಣಲಿಲ್ಲ. ಮಿಕ್ಕ ಇಡೀ ಚರ್ಚಿಗೆ ಕಂಡಿತು.

ಅಕ್ಟೋಬರ್ 8, ಮಂಗಳವಾರ

ಚರ್ಚಿನ ಜೆನೀವಾ ಅಜ್ಜಿ ಒಂದು ದೊಡ್ಡ ಪಾತ್ರೆ ಚಿಕನ್-ನೂಡಲ್ಸ್ ತಂದುಕೊಟ್ಟರು. ಸಾವಾದ ಮನೆಗೆ ಕೊಡುವ ಪಾತ್ರೆ ಅದು. ಲೋಯಿಸ್ ಕೈ ಹಿಡಿದು, "ಗಂಡಸರು ಹಾಗೇನಮ್ಮಾ. ತಿರುಗಿ ಬರ್ತಾರೆ, ನೀನು ಧೈರ್ಯವಾಗಿರು" ಅಂದರಂತೆ.

ಲೋಯಿಸ್ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ರೊಟ್ಟಿ ಮುಟ್ಟಲಿಲ್ಲ ಅಂದ್ರೆ ನಿನಗೆ ಇನ್ನೊಬ್ಬಳಿದಾಳೆ ಅಂತ ಊರೆಲ್ಲ ಮಾತಾಡ್ತಿದೆ. ಇದ್ರೆ ಹೇಳಿಬಿಡು. ನೂಡಲ್ಸ್ ಆರೋಕೆ ಮುಂಚೆ ಹೇಳು."

ಹೇಳಿದೆ. ದಿಬ್ಬ, ಉಸಿರು, ನಾಯಿ, ಟಾಡ್ ಮೇಲಿನ ಹೊಟ್ಟೆಕಿಚ್ಚು, ಎಲ್ಲ.

ಪಾತ್ರೆಯ ಮುಚ್ಚಳ ಮುಚ್ಚಿದಳು. "ಇನ್ನೊಬ್ಬಳಿದ್ದಿದ್ರೇ ವಾಸಿಯಾಗಿತ್ತು" ಅಂದಳು. ಆಮೇಲೆ, "ಹೇಳಬೇಕಾದ್ದು ನನಗಲ್ಲ."

ಅಕ್ಟೋಬರ್ 9, ಬುಧವಾರ

"ಬ್ರೆನಾ, ಆ ಮೂಲೇಲಿ ನಾಯಿ ಇಲ್ಲ."

"ಸತ್ತೋಯ್ತಾ?"

"ಇರಲೇ ಇಲ್ಲ."

ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. ಎಲ್ಲಾ ಹೇಳಿದೆ.

"ನಿಲ್ಲಮ್ಮಾ ಅಂದಿದ್ರೆ ನಿಲ್ತಿರಲಿಲ್ವಾ ನಾನು?"

"ನಾಚಿಕೆ ಆಯ್ತು."

"ದಿನಾ ಇಪ್ಪತ್ತೈದು ನಿಮಿಷ ಅಪ್ಪಾ. ಹೋಗೋಕೆ ಇಪ್ಪತ್ತೈದು, ಬರೋಕೆ ಇಪ್ಪತ್ತೈದು. ಆ ಚಳೀಲಿ." ಕೈಯ ಮಾತು ಎತ್ತಲಿಲ್ಲ. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ನಿಂತಿದ್ದಳು. "ಇನ್ನೇನೇನು ಇಲ್ಲ?"

"ಇನ್ನೇನೂ... ಅದೊಂದೇ."

"ಈಸ್ಟರ್ ದಿನ ನಾನು ಹಾಡಿದಾಗ ಎಲ್ಲರೂ ಎದ್ದು ನಿಂತ್ರು ಅಂತ ನೀನು ಅಂದೆ. ನಿಂತಿದ್ರಾ?"

"ನಿಂತಿದ್ರು. ಅದು ನಿಜ ಕಣಮ್ಮಾ."

"ಹೇಗೆ ನಂಬ್ಲಿ?"

ನನ್ನ ಹತ್ತಿರ ಒಂದೇ ಉತ್ತರ ಇತ್ತು. "ಟಾಡ್‌ನ ಕೇಳು. ಅವರೂ ಇದ್ರು ಅವತ್ತು."

ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು. ಒಳಗೆ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. ಅವನನ್ನೇ ಕೇಳಿದಳು.

ಅಕ್ಟೋಬರ್ 13, ಭಾನುವಾರ

ನಾಲ್ಕು ದಿನದ ಮೇಲೆ ಮೊದಲ ಮಾತು: "ಆ ಮೂಲೆಗೆ ಕರ್ಕೊಂಡು ಹೋಗು."

ಊಟವಾದ ಮೇಲೆ ಹೋದೆವು. ಹಗ್ಗ ಇಲ್ಲ, ನನ್ನ ತೋಳೂ ಬೇಡ ಅಂದಳು. ಕೋಲು ಹಿಡಿದಳು.

"ಏನಿದೆ ಹೇಳು."

"ಅಂಚೆ ಡಬ್ಬಿ. ನಿನ್ನ ಬಲಕ್ಕೆ, ಎರಡು ಹೆಜ್ಜೆ."

ಎರಡು ಹೆಜ್ಜೆ ಹೋಗಿ ಕೋಲಿನಿಂದ ತಟ್ಟಿದಳು. ಟಣ್ ಅಂದಿತು. "ಆಮೇಲೆ?"

"ಮೂರು ಹೂವಿನ ಕುಂಡ." ಮೂರನ್ನೂ ತಟ್ಟಿದಳು. "ಇಟ್ಟಿಗೆ ಮೆಟ್ಟಿಲು, ನಾಲ್ಕು." ನಾಲ್ಕನ್ನೂ. "ಹುಲ್ಲು. ಅಷ್ಟೇ."

ಹುಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ಕೋಲು ಆಡಿಸಿದಳು. ಸರಪಳಿಯೋ ಗೂಟವೋ ಸಿಗುತ್ತದೇನೋ ಅಂತ. ಆ ಮನೆಯ ಹೆಂಗಸು ಕಿಟಕಿಯಿಂದ ನೋಡುತ್ತಿದ್ದಳು. ನಾನು ರಸ್ತೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ. ನಾನು ಹೇಳಿದ ಒಂದನ್ನೂ ಅವಳು ಮುಟ್ಟದೆ ಬಿಡಲಿಲ್ಲ.

ಅಕ್ಟೋಬರ್ 18, ಶುಕ್ರವಾರ

ಬ್ರೆನಾ ಅಡುಗೆಮನೆಗೆ ಬಂದಳು. "ನಾಳೆ ರೇಸ್‌ನಲ್ಲಿ ಒಂದು ಕೆಲಸ ಇದೆ ನಿನಗೆ. ಮೊದಲ ಮೂವತ್ತು ಹೆಂಗಸರಿಗೆ ಪದಕ. ಹನ್ನೊಂದನೇ ಮೈಲಿ ಹತ್ತಿರ ನಿಂತ್ಕೊ. ನನ್ನ ಮುಂದೆ ಎಷ್ಟು ಜನ ಹೆಂಗಸರು ಹೋದ್ರು ಎಣಿಸು. ನಾನು ಎಷ್ಟನೆಯವಳು ಅಂತ ಕೂಗಿ ಹೇಳು."

"ಟಾಡ್..."

"ಅವರು ರಸ್ತೆ ನೋಡ್ಬೇಕು. ಸಮಾಧಾನದ ನಂಬರ್ ಬೇಡ ಅಪ್ಪಾ. ಅದನ್ನ ನಂಬ್ಕೊಂಡು ನಾನು ಓಡೋದು."

ಟಾಡ್‌ಗಲ್ಲ, ನನಗೆ. ನಾಚಿಕೆಗೇಡಿ ಮನಸ್ಸು ಆಗಲೂ ಅದನ್ನೇ ಲೆಕ್ಕ ಹಾಕಿತು.

ಅಕ್ಟೋಬರ್ 19, ಶನಿವಾರ. ಬೆಳಿಗ್ಗೆ 9.31

ಹನ್ನೊಂದನೇ ಮೈಲಿ ಕಲ್ಲು. ಮಡಿಸುವ ಕುರ್ಚಿ, ಮಂಡಿಯ ಮೇಲೆ ಈ ಪುಸ್ತಕ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಗೀಟು ಹಾಕುತ್ತಿದ್ದೇನೆ. ಪಕ್ಕದ ಪುಟ ಪೂರ್ತಿ ಗೀಟು.

9.36 — ಇಪ್ಪತ್ತೆರಡು. ಇನ್ನೂ ಇಲ್ಲ.

9.38 — ಇಪ್ಪತ್ತೊಂಬತ್ತು. ಈಗ ಬಂದರೆ ಮೂವತ್ತನೆಯವಳು. ಬಾರಮ್ಮಾ. ರಸ್ತೆ ಖಾಲಿ.

9.39 — ಒಬ್ಬಳು ಹಸಿರು ಅಂಗಿ. ಅಮ್ಮ-ಮಗಳು ಜೋಡಿ. ಮತ್ತೊಬ್ಬಳು. ಮೂವತ್ತಮೂರು.

ತಿರುವಿನಲ್ಲಿ ಕಾಣಿಸಿದರು. ಕಾಲು ಕೂಡಿ ಬೀಳುತ್ತಿವೆ, ಇಬ್ಬರದೂ. ಚೆಂದ ಕಾಣುತ್ತಿದೆ. ಹೊಟ್ಟೆ ಉರಿಯುತ್ತಿದೆ, ಆದರೂ ಚೆಂದವೇ. ಅವಳ ಮುಖ ಕೆಂಪಾಗಿದೆ, ಎಡಗೈ ನೋಯುತ್ತಿರಬೇಕು. ತಲೆ ಈ ಕಡೆ ವಾಲಿಸಿದ್ದಾಳೆ, ನನ್ನ ದನಿಗೆ. ಇಪ್ಪತ್ತೊಂಬತ್ತು ಅಂದುಬಿಟ್ಟರೆ ಆ ಮುಖ ಹೇಗೆ ಅರಳುತ್ತದೆ ಅಂತ ನನಗೆ ಗೊತ್ತು. ಇನ್ನು ನೂರು ಗಜ. ಎದ್ದು ನಿಂತು ಬರೆಯುತ್ತಿದ್ದೇನೆ. ಮೂವತ್ತನಾಲ್ಕು. ಅವಳು ಮೂವತ್ತನಾಲ್ಕನೆಯವಳು, ಇನ್ನು ನಾಲ್ಕು ಜನರನ್ನು ದಾಟಬೇಕು, ಅಷ್ಟನ್ನೇ ಕೂಗಬೇಕು, ಬಂದಳು, ಕೂಗುತ್ತಿದ್ದೇನೆ, ಮೂವತ್ತನಾ—