ಮೊದಲ ಡಬ್ಬಿ ಕಾಫಿ ಕುಡಿದವರು

ಚೌಡಾಪುರ, ಸಂಜೆ ಆರು ಗಂಟೆ

ನಮ್ಮ ಮನೆಯವರಿಗೆ,

ಇವತ್ತು ಗಾಣಗಾಪುರದ ಗುಡಿಗೆ ಹೋಗುವ ಜನ ಕಡಿಮೆ ಇದ್ದರು, ವ್ಯಾಪಾರವೂ ಕಡಿಮೆ. ಮಧ್ಯಾಹ್ನ ವಕೀಲ ಅರುಣಕುಮಾರರ ಫೋನು ಬಂತು. ಆಮೇಲೆ ಅಂಗಡಿ ಮುಚ್ಚಿ ಒಳಗೇ ಕೂತೆ. ಮಾಘದಲ್ಲಿ ನೀವು ತೀರಿಕೊಂಡ ಮೇಲೆ ಹಗಲಿನಲ್ಲಿ ಬಾಗಿಲು ಹಾಕಿದ್ದು ಇದೇ ಮೊದಲು.

ನಿಮ್ಮ ಕಾಫಿ ಯಂತ್ರದ ಪೇಟೆಂಟಿಗೆ ಒಂದು ಕಂಪನಿ ತಕರಾರು ಹಾಕಿದೆ. ಅರ್ಜಿ ಕೊಡುವ ಮೊದಲೇ ಊರ ಜನ ಇದನ್ನು ನೋಡಿದ್ದರು, ಹಾಗಾಗಿ ಹೊಸದಲ್ಲ ಎಂದು ಅವರ ವಾದ. ಕಾನೂನೂ ಹಾಗೇ ಇದೆಯಂತೆ. ಜನರೆದುರು ಮೊದಲೇ ಬಿಚ್ಚಿಟ್ಟದ್ದಕ್ಕೆ ಹಕ್ಕು ಸಿಗುವುದಿಲ್ಲ. "ಕಂಪನಿಯವರ ಹತ್ರ ಸಾಕ್ಷಿ ಇಲ್ಲರಿ ಅಕ್ಕಾ. ಯಾರಿಗೂ ತೋರಿಸಿದ್ದಿಲ್ಲ ಅಂತ ಅಫಿಡವಿಟ್ಟಿಗೆ ಸಹಿ ಮಾಡ್ರಿ, ನಿಮ್ಮ ಮನೆಯವರ ಹೆಸರು ಉಳೀತದ" ಅಂದರು ವಕೀಲರು.

ಈ ಚಹಾದ ಸೀಮೆಯಲ್ಲಿ, ನಮ್ಮ ಮನೆಯಲ್ಲಿ ಕಾಫಿ ಕುಡಿಯುವವಳು ನಾನೊಬ್ಬಳೇ. ಒಬ್ಬಳಿಗಾಗಿ ಡಿಕಾಕ್ಷನ್ ಯಾಕೆಂದು ನಾನೇ ಬಿಟ್ಟುಬಿಟ್ಟಿದ್ದೆ. ನೀವು ಪಂಪ್‌ಸೆಟ್ ರಿಪೇರಿ ಬದಿಗಿಟ್ಟು ಆ ಯಂತ್ರದ ಹಿಂದೆ ಬಿದ್ದಿರಿ. ಹವಳಗಾದ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಸಿಪ್ಪೆ ತಂದು, ಅರೆದು, ಒತ್ತಿ, ಒಂದು ಕಪ್ಪಿಗಾಗುವಷ್ಟು ಪುಡಿ ಹಿಡಿಯುವ ಡಬ್ಬಿ ಮಾಡಿದಿರಿ. ಈಗ ಸಂಜೆ ಅದರಲ್ಲೇ ಕುಡಿಯುತ್ತೇನೆ. ಯಂತ್ರ ಒಂದು ಕಪ್ಪು ಸುರಿಸಿ ಸುಮ್ಮನಾಗುತ್ತದೆ.

ಮೊದಲ ಡಬ್ಬಿಗಳು ತಯಾರಾದ ದಿನ ನಾನು ಕೈ ಚಾಚಿದ್ದೆ. ನೀವು ತಡೆದಿರಿ. ಹೊಸದಾಗಿ ಮಾಡಿದ್ದು ಮೊದಲು ದಾಸೋಹಕ್ಕೆ, ಆಮೇಲೆ ಮನೆಯವರ ಬಾಯಿಗೆ. ನಿಮ್ಮ ತಾಯಿ ಕಲಿಸಿದ ರೂಢಿ. ಯಂತ್ರವನ್ನು ರಸ್ತೆಗೆ ತಂದು ಬಂದವರಿಗೆಲ್ಲ ಕುಡಿಸಿದಿರಿ. ಕೇಳಿದವರಿಗೆ ಮುಚ್ಚಳ ಬಿಚ್ಚಿ, ಸೂಜಿ ಎಲ್ಲಿ ಚುಚ್ಚುತ್ತದೆ, ಬಿಸಿನೀರು ಎಲ್ಲಿಂದ ನುಗ್ಗುತ್ತದೆ, ಎಲ್ಲ ತೋರಿಸಿದಿರಿ. ಪಕ್ಕದ ಬಳೆ ಅಂಗಡಿಯ ಮುದುಕಿ ಚಮನಬಿ ಡಬ್ಬಿ ತಿರುಗಿಸಿ ನೋಡಿ, "ಇದು ಕಾಫಿ ಡಬ್ಬಿ ಏನೋ, ನನ್ನ ಸುಣ್ಣದ ಡಬ್ಬಿ ಏನೋ ಜಗದೇವ? ಖಾಲಿ ಆದ್ರ ನನಗ ಕೊಡು" ಅಂದಳು. ನೀವು ನಕ್ಕಿದ್ದು ಬಸ್ಸಿನವರಿಗೂ ಕೇಳಿತು. ಕೊನೆಗೆ ನನಗೆ ಒಂದೂ ಉಳಿಯಲಿಲ್ಲ. ಅರ್ಜಿಯ ನೆನಪು ನಿಮಗೆ ಬಂದದ್ದು ಎಷ್ಟೋ ದಿನ ಕಳೆದ ಮೇಲೆ.

ಇವತ್ತು ಅಂಗಡಿ ಮುಚ್ಚಿದ್ದು ಕಂಡು ಬಂದ ಚಮನಬಿಗೆ ವಿಷಯ ಹೇಳಿದೆ. "ನಾ ಏನೂ ನೋಡಿಲ್ಲ ಅಂತೀನಿ ತಗೋ ಬೇ. ಈ ವಯಸ್ಸಿಗೆ ನನಗ ಕಣ್ಣರ ಎಲ್ಲಿ ಕಾಣ್ತಾವ" ಅಂದಳು.

ನಿಮ್ಮ ಹೆಸರು ಸರಕಾರದ ಕಾಗದದಲ್ಲಿ ಉಳಿಯಬೇಕೆಂಬ ಆಸೆ ನನಗೂ ಇದೆ. ಆದರೆ ಅದಕ್ಕೆ, ಆ ದಿನ ಆಗಲೇ ಇಲ್ಲ ಎನ್ನಬೇಕು. ನನ್ನ ಹತ್ತಿರ ಉಳಿದಿರುವುದು ಅಂಥ ದಿನಗಳೇ. ಅವನ್ನೂ ಇಲ್ಲವೆಂದರೆ ಈ ಮನೆಯಲ್ಲಿ ಯಾರ ಜೊತೆ ಕೂರಲಿ?

ವಕೀಲರಿಗೆ ತಿರುಗಿ ಫೋನು ಮಾಡಿದೆ. "ತೋರಿಸಿದ್ರು ಅಣ್ಣಾ. ಎಲ್ಲಾರಿಗೂ ಕುಡಿಸಿದ್ರು. ಹಂಗ ಬರೀರಿ." ಹಾಗೆ ಬರೆದರೆ ಹಕ್ಕು ಹೋದಂತೆಯೇ ಅಂದರು. ಹೌದು ಅಂದೆ.

ಸಿಟ್ಟಾಗಬೇಡಿ. ಇದ್ದಲ್ಲಿ ಸುಖವಾಗಿರಿ. ಶರಣು.

ನಿಮ್ಮ ಬಸವೇಶ್ವರಿ

ನಾಳೆ ಎಂಟೂವರೆಯ ಬಸ್ಸಿಗೆ ಕಲಬುರಗಿಗೆ ಹೋಗಿ, ವಕೀಲರು ಹಾಗೆ ಬರೆದ ಕಾಗದಕ್ಕೆ ಸಹಿ ಮಾಡಿ ಬರುತ್ತೇನೆ.