ಲಗ್ನಪತ್ರಿಕೆಯಲ್ಲಿಲ್ಲದ ಅಕ್ಕ

ಹಾಸನ
೧೨-೫-೨೦೨೫

ಚಿರಂಜೀವಿ ತಮ್ಮ ಪಾಲಾಕ್ಷನಿಗೆ ಅಕ್ಕನ ಆಶೀರ್ವಾದ.

ನಿನ್ನ ಮಂಡಿನೋವು ಹೇಗಿದೆ? ಎಳ್ಳೆಣ್ಣೆ ಬಿಸಿಮಾಡಿ ಹಚ್ಚಿಸಿಕೋ. ಡಾಕ್ಟರ ಹತ್ತಿರ ಹೋಗು ಎಂದರೆ ನೀನು ಹೋಗುವವನಲ್ಲ. ನಾನು ಎಂಬತ್ತಮೂರರಲ್ಲೂ ಗುಂಡುಕಲ್ಲಿನ ಹಾಗಿದ್ದೇನೆ. ಫೋನು ಮಾಡೋಣವೆಂದರೆ, ಬೇಡದ ಮಾತು ಬಂದ ಕೂಡಲೇ ‘ಕೇಳುಸ್ತಾ ಇಲ್ಲ ಕಣಕ್ಕ’ ಎಂದು ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ.

ನಿನ್ನ ಮೊಮ್ಮಗಳು ರೂಪಶ್ರೀಯ ಲಗ್ನಪತ್ರಿಕೆ ತಲುಪಿತು. ನಾಲ್ಕು ಮೂಲೆಗೂ ಅರಿಶಿನ, ಬಲು ಲಕ್ಷಣವಾಗಿದೆ. ಕನ್ನಡಕ ಹಾಕಿಕೊಂಡು ‘ಸುಖಾಗಮನ ಬಯಸುವವರು’ ಎನ್ನುವಲ್ಲಿ ಒಂದೊಂದೇ ಹೆಸರು ಓದಿದೆ. ಅರಕಲಗೂಡಿನ ನಿನ್ನ ಷಡ್ಡಕ ಇದ್ದಾನೆ, ಚನ್ನರಾಯಪಟ್ಟಣದ ಬೀಗರಿದ್ದಾರೆ, ಹೋದ ವರ್ಷವಷ್ಟೇ ನೆಂಟರಾದ ಹರದನಹಳ್ಳಿಯವರೂ ಇದ್ದಾರೆ. ಒಡಹುಟ್ಟಿದ ಅಕ್ಕ ಇಲ್ಲ. ಅರವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಎಷ್ಟು ಮದುವೆಯಾದವು, ಒಂದರಲ್ಲೂ ನನ್ನ ಹೆಸರು ಅಚ್ಚಾಗಲಿಲ್ಲ. ಬಣ್ಣ ಹಚ್ಚಿದವಳ ಹೆಸರು ಹಾಕಿದರೆ ಬೀಗರು ಏನಂದಾರು, ಅಲ್ಲವೇನೋ?

ಈ ಸಲ ನಾನು ಬಾಯಿ ಮುಚ್ಚಿಕೊಂಡಿರುವುದಿಲ್ಲ. ಮದರಾಸಿನಲ್ಲಿ ಮೂರು ಚಿತ್ರಗಳಿಗೆ ನಾನು ನಾಯಕಿ. ಮೊದಲನೆಯದು ಹೊಳೆನರಸೀಪುರದ ಟೆಂಟಿಗೆ ಬಂದಾಗ ಸುತ್ತಲ ಹಳ್ಳಿಯ ಜನ ಗಾಡಿ ಕಟ್ಟಿಕೊಂಡು ಬಂದರು. ಅಪ್ಪನೂ ಕಂಬಳಿ ಮುಸುಕು ಹಾಕಿಕೊಂಡು ಹಿಂದೆ ಕೂತು ಎರಡು ಸಲ ನೋಡಿದನಂತೆ. ಅವ್ವ ಸಾಯುವ ಮುಂಚೆ ಹೇಳಿದಳು. ನಾಲ್ಕನೆಯ ಚಿತ್ರ ಅರ್ಧವಾಗಿದ್ದಾಗ ನಿನ್ನ ತಂತಿ ಬಂತು: ಅಪ್ಪನಿಗೆ ಸೀರಿಯಸ್, ಕೂಡಲೇ ಹೊರಡು. ಮುಖದ ಬಣ್ಣವನ್ನೂ ಸರಿಯಾಗಿ ಒರೆಸದೆ ರೈಲು ಹತ್ತಿದೆ. ಬಂದು ನೋಡಿದರೆ ಅಪ್ಪ ಜಗಲಿಯ ಮೇಲೆ ಕೂತು ಮುದ್ದೆ ನುಂಗುತ್ತಿದ್ದ! ‘ಮನೆ ಮಾನ ಓಯ್ತದೆ ಕಣಕ್ಕ, ಇನ್ ಮ್ಯಾಕೆ ಓಗ್ಬ್ಯಾಡ’ ಎಂದು ನೀನು ನನ್ನ ಟ್ರಂಕಿಗೆ ಬೀಗ ಹಾಕಿದೆ. ಮೀಸೆ ಚಿಗುರುತ್ತಿದ್ದ ವಯಸ್ಸು ನಿನ್ನದು, ಮಾನ ಕಾಯಲು ನಿಂತಿದ್ದೆ. ಜಗಳವಾಡಿ ಮದರಾಸಿಗೆ ಮರಳುವಷ್ಟರಲ್ಲಿ ತಿಂಗಳು ಕಳೆದಿತ್ತು, ನನ್ನ ಪಾತ್ರ ಇನ್ನೊಬ್ಬಳದಾಗಿತ್ತು. ನಡುವೆ ಕೈಕೊಟ್ಟು ಹೋದವಳು ಎಂಬ ಹೆಸರು ಅಂಟಿಕೊಂಡಿತು. ಆಮೇಲೆ ಸಿಕ್ಕಿದ್ದು ತಟ್ಟೆ ಹಿಡಿದು ನಿಲ್ಲುವ ಸಖಿಯ ಪಾತ್ರ, ಆಮೇಲೆ ಅದೂ ಇಲ್ಲ. ಹಾಸನಕ್ಕೆ ಬಂದು ಶಾಲೆಯ ಮಕ್ಕಳಿಗೆ ನಾಟಕ ಕಲಿಸಿ ಬದುಕಿದೆ. ಯಾರ ಮುಂದೆಯೂ ಕೈಚಾಚಲಿಲ್ಲ. ಹೊಟ್ಟೆ ಉರಿಯಿತು ಕಣೋ, ಈಗಲೂ ಉರಿಯುತ್ತದೆ. ಆದರೆ ನಾಚಿಕೆ? ಒಂದು ದಿನವೂ ಆಗಿಲ್ಲ. ನಾಚಬೇಕಾದವನು ಸುಳ್ಳು ತಂತಿ ಕೊಟ್ಟವನು.

ಇಷ್ಟು ಬೈದೆನೆಂದು ಊಟ ಬಿಡಬೇಡ. ನಿನ್ನ ಹೆಂಡತಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಮಂಡಿಗೆ ಎಣ್ಣೆ ಮರೆಯಬೇಡ, ಮದುವೆ ದಿನ ಛತ್ರದ ಮೆಟ್ಟಿಲು ಹತ್ತಬೇಕು.

ನಿನ್ನ ಅಕ್ಕ,
ಪುಟ್ಟತಾಯಮ್ಮ, ಚಿತ್ರನಟಿ

ಮರೆತೇಬಿಟ್ಟಿದ್ದೆ: ಈ ಕಾಗದದ ಜೊತೆ ಬಸ್ಸಿನಲ್ಲಿ ಬಂದ ಕಟ್ಟನ್ನು ಇನ್ನೂ ಬಿಚ್ಚಿಲ್ಲ ತಾನೆ? ರೂಪಶ್ರೀ ಮೊನ್ನೆ ಇಲ್ಲಿಗೆ ಬಂದಿದ್ದಳು. ‘ದೊಡ್ಡಜ್ಜಿ, ನಿಮ್ಮೆಸ್ರು ಇಲ್ದಿದ್ರೆ ನಾನ್ ಹಸೆಮಣೆ ಮೇಲೆ ಕೂರಲ್ಲ’ ಎಂದು ಪಟ್ಟು ಹಿಡಿದು, ಇಲ್ಲಿಯ ಪ್ರೆಸ್ಸಿನಲ್ಲಿ ಬೇರೆ ಪತ್ರಿಕೆ ಅಚ್ಚು ಹಾಕಿಸಿದ್ದಾಳೆ. ಹಂಚಬೇಕಾದ್ದು ಇವನ್ನು. ಮೊದಲ ಹೆಸರು ನನ್ನದು. ಅದರ ಕೆಳಗೆ ನಿನ್ನದಿದೆ, ನಾನೇ ಹೇಳಿ ಹಾಕಿಸಿದೆ. ಒಡಹುಟ್ಟಿದವರ ಹೆಸರು ಬಿಡುವ ಅಭ್ಯಾಸ ನನಗಿಲ್ಲ.