ಅಂಗಳದಲ್ಲಿ ಕುಟ್ಟಬೇಡಿ ಎನ್ನುತ್ತಿದ್ದ ಅಪ್ಪನಿಗೆ

ಅಪ್ಪಾ,

ಈ ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀನು ಇದ್ದಿದ್ದರೆ ತಿರುವಿ ಮುರುವಿ ನೋಡಿ, "ಎಡಗಡಿಯಿಂದ ಬರದೀಯಲ್ಲವ್ವಾ, ನನಗೆಲ್ಲಾ ಉಲ್ಟಾ ಕಾಣ್ತದ" ಎಂದು ನನ್ನ ಕೈಗೇ ಮರಳಿ ಕೊಡುತ್ತಿದ್ದೆ. ನೀನು ನಿಜಾಮರ ಫೌಜಿನಲ್ಲಿ ಕಲಿತದ್ದು ಉರ್ದು ಒಂದೇ. ನಾನು ಕಲಿಸುವುದು ಔರಾದ ಹತ್ತಿರದ ಈ ಊರಿನ ಕನ್ನಡ ಸಾಲೆಯಲ್ಲಿ. ಒಂದೇ ಮನೆಯಲ್ಲಿದ್ದರೂ ನಿನ್ನ ಕಾಗದ ನನಗೆ, ನನ್ನದು ನಿನಗೆ ಓದಲು ಬರುತ್ತಿರಲಿಲ್ಲ. ಈಗ ನಿನಗೆ ಓದಿ ಹೇಳುವುದಕ್ಕೆ ಯಾರಾದರೂ ಇದ್ದಾರೋ ಏನೋ. ಪಲ್ಟನ್ನಿನಲ್ಲಿ ನಿನ್ನ ಜೊತೆಗಾರನಾಗಿದ್ದ ಬಸಲಿಂಗ ಕಾಕಾ ಅಲ್ಲಿ ಸಿಕ್ಕಿದ್ದಾರೆಯೇ? ಸಿಕ್ಕಿದ್ದರೆ ನಿನ್ನನ್ನು ಮಾತನಾಡಿಸಿದರೇ?

ನಾವಿಬ್ಬರೂ ಮೊದಲ ಸಲ ಬೀದರದ ಕಚೇರಿಗೆ ಹೋದ ದಿನ ನೆನಪಾಗುತ್ತದೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಳೆಯ ಫೌಜಿನವರಿಗೆ ಈ ಸರ್ಕಾರವೇ ವಜೀಫಾ, ಅದೇ ಪಿಂಚಣಿ, ಕೊಡುತ್ತದಂತೆ ಎಂದು ಔರಾದ ಸಂತೆಯಲ್ಲಿ ಯಾರೋ ಹೇಳಿದ್ದರು. ನೀನು ಬೇಡವೆಂದೆ. ನಾನು ಬಿಡಲಿಲ್ಲ. ನನ್ನ ವಯಸ್ಸಿನ ಗುಮಾಸ್ತನಿಗೆ ನೀನು ಹಿಮ್ಮಡಿ ಬಡಿದು ಸಲಾಂ ಹೊಡೆದಾಗ ನನಗೆ ನಗು ತಡೆಯಲಾಗಲಿಲ್ಲ. ಅವನೂ ಗಾಬರಿಯಾಗಿ ಎದ್ದು ನಿಂತ. "ಕೂಡ್ರಿ ಅಜ್ಜಾರ. ಯಾದಿಯೊಳಗ ನಿಮ್ಮ ಹೆಸರು ಅದ. ಆದ್ರ ಎಷ್ಟು ವರ್ಷ ನೌಕರಿ ಮಾಡೀರಿ ಅನ್ನೋದಕ್ಕ ಕಾಗದ ಬೇಕು. ಇಲ್ಲಾಂದ್ರ ಜೊತಿಗಿದ್ದ ಸಿಪಾಯಿ ಒಬ್ಬಾಂವ ಬಂದು ಗವಾಹಿ, ಸಾಕ್ಷಿ ಹೇಳಬೇಕರಿ." ಆಮೇಲೆ ಯಾದಿಯ ಮೇಲೆ ಬೆರಳಾಡಿಸಿ, "ನಿಮ್ಮ ಹೆಸರಿನ ಕೆಳಗ ಬಸಲಿಂಗ ಅಂತ ಒಬ್ಬಾಂವ ಅದಾನ, ಭಾಲ್ಕಿಯಾಂವ. ಆದ್ರ ಮುಂದ ಫರಾರಿ ಅಂತ ಬರದದ" ಎಂದ. ಪಲ್ಟನ್ ಬಿಟ್ಟು ಓಡಿಹೋದವನು ಎಂದರ್ಥ. ನೀನು ಮತ್ತೆ ಸಲಾಂ ಹೊಡೆಯಲಿಲ್ಲ.

"ಕಾಗದ ಎಲ್ಲಿಟ್ಟೀಯಪಾ?" ಎಂದು ಅವತ್ತು ಸಂಜೆ ರೊಟ್ಟಿ ಬಡಿಯುತ್ತ ಕೇಳಿದೆ. "ಹಗೇವಿನಾಗ" ಎಂದೆ ನೀನು. ನಮ್ಮ ಅಂಗಳದ ಹಗೇವನ್ನು ನಾನು ದೊಡ್ಡವಳಾದ ಮೇಲೆ ತೆರೆದದ್ದೇ ಕಂಡಿರಲಿಲ್ಲ. ಎಲ್ಲರೂ ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿದರೆ ನಾವು ಮನೆಯೊಳಗೆ ಕಾಳಿನ ಗುಮ್ಮಿ ಇಟ್ಟುಕೊಂಡು ಇಲಿಗಳಿಗೆ ಊಟ ಹಾಕುತ್ತಿದ್ದೆವು. ಅದರ ಬಾಯಿಗೆ ಮುಚ್ಚಿದ ಚಪ್ಪಡಿಯ ಮೇಲೆ ನೀನು ಸೋಮವಾರ ಸೋಮವಾರ ದೀಪ ಇಡುತ್ತಿದ್ದೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುವ ಮೊದಲು ಒಂದು ತುತ್ತು ಅಲ್ಲಿಡುತ್ತಿದ್ದೆ. ಧಾನ್ಯಲಕ್ಷ್ಮಿಗೆ ಅಂದುಕೊಂಡಿದ್ದೆ ನಾನು. ಇನ್ನೊಂದು ಹಟ ನಿನ್ನದು: ಅಂಗಳದಲ್ಲಿ ಒರಳು ಇರಕೂಡದು. "ಹೊರಗ ಕುಟ್ಟಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕು!" ಎಂದು ಅವ್ವನ ಮೇಲೆ ಹಾಯ್ದು ಬೀಳುತ್ತಿದ್ದೆ. ಪಾಪ, ಅವಳು ಬದುಕಿರುವ ತನಕ ಖಾರ ಕುಟ್ಟಲು ಪಕ್ಕದ ಮನೆಗೆ ಹೋದಳು. ಫೌಜಿನವನ ತಲೆ ಕೆಟ್ಟಿದೆ ಎಂದು ಓಣಿಯೆಲ್ಲ ನಗುತ್ತಿತ್ತು, ಅವರ ಜೊತೆ ನಾನೂ.

ಹಗೇವು ತೆಗೆಯೋಣವೆಂದು ಎಷ್ಟು ಕಾಡಿದೆ ನಿನ್ನನ್ನು! ಮಳೆ ನಿಲ್ಲಲಿ ಎಂದೆ ನೀನು, ನಿಂತಿತು. ರಾಶಿ ಆಗಲಿ ಎಂದೆ, ಅದೂ ಆಯಿತು. ಎಳ್ಳಮವಾಸ್ಯೆ ಮುಗಿಯಲಿ ಎಂದೆ. "ಕಲ್ಲು ಸರಸೂದು ಅಷ್ಟ ಅಲ್ಲೇನಪಾ, ನಾನ ಸರಸ್ತೇನಿ" ಎಂದು ಒಂದು ಬೆಳಿಗ್ಗೆ ಹಾರೆ ಕೈಗೆ ತೆಗೆದುಕೊಂಡೆ. ನೀನು ಬಂದು ಚಪ್ಪಡಿಯ ಮೇಲೆ ಕುಳಿತೆ. ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ. ನಾನು ಸಾಲೆಗೆ ಹೋಗಿ ಬಂದಾಗಲೂ ನೀನು ಅಲ್ಲೇ ಇದ್ದೆ, ಮುಂದೆ ಇಟ್ಟ ತಾಟಿನ ರೊಟ್ಟಿ ಮುಟ್ಟದೆ. ಅಂದು ಮೊದಲ ಬಾರಿಗೆ ನನಗೆ ನಿನ್ನ ಭಯವಾಯಿತು.

ಅದಾಗಿ ಹದಿನೈದು ದಿನಕ್ಕೆ ಭಾಲ್ಕಿಯಿಂದ ಗುರುಬಾಯಿ ಚಿಗವ್ವ ಬಂದರು, ಬಸಲಿಂಗ ಕಾಕಾನ ಹೆಂಡತಿ. ಕಚೇರಿಯಲ್ಲಿ ನಿನ್ನ ಹೆಸರು ಕೇಳಿಕೊಂಡು ಬಂದಿದ್ದರು. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ಗಂಡ ಸತ್ತ ಸುದ್ದಿ ಬಂದಿಲ್ಲವಲ್ಲ, ತೆಗೆಯುವುದು ಹೇಗೆ? "ಅಣ್ಣಾ, ನಮ್ಮವ್ರು ಓಡಿ ಹೋಗೋ ಮನಷ್ಯಾ ಅಲ್ಲರಿ. ಫರಾರಿಯಾಂವನ ಹೇಣ್ತಿ ಅಂತ ಮಂದಿ ಅಂತಾರ. ವಜೀಫಾ ಬರ್ಲಿ ಬಿಡ್ಲಿ, ಆ ಮಾತ ಒಂದು ಅಳಸಿ ಕೊಡ್ರಿ. ನೀವ ಅಲ್ಲೇನ್ರಿ ಜೊತಿಗಿದ್ದವ್ರು?" ನೀನು ನೀರಿನ ತಂಬಿಗೆ ತಂದು ಅವರ ಮುಂದಿಟ್ಟೆ. ಆಮೇಲೆ ಅವರು ಅಕ್ಕಿ ಹಸನು ಮಾಡುತ್ತೇನೆಂದು ಮೊರ ಹಿಡಿದುಕೊಂಡು ಹೋಗಿ, ಬಿಸಿಲು ಚೆನ್ನಾಗಿದೆಯೆಂದು ಆ ಚಪ್ಪಡಿಯ ಮೇಲೆಯೇ ಕುಳಿತರು. "ಏಳ್ರಿ ಅಲ್ಲಿಂದ!" ಎಂದು ನೀನು ಕೂಗಿದ ರಭಸಕ್ಕೆ ಮೊರದೊಳಗಿನ ಅಕ್ಕಿ ಅಂಗಳವೆಲ್ಲ ಚೆಲ್ಲಿತು. ಅವರು ಹೆದರಿಕೊಂಡು, ಊಟವನ್ನೂ ಮಾಡದೆ ಸಂಜೆಯ ಬಸ್ಸಿಗೆ ಹೋದರು. ನೀನು ಒಬ್ಬನೇ ಕುಳಿತು ಒಂದೊಂದು ಕಾಳು ಆರಿಸಿದೆ.

ಜ್ವರ ಬಂದು ಮಲಗಿದ ಮೇಲೆ ನೀನು ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಜಾಮಶಾಹಿ ಮುಳುಗಿ, ಪಲ್ಟನ್ ಹತ್ಯಾರ ಕೆಳಗಿಟ್ಟು ಶರಣಾದ ಮೇಲೆ ನೀವಿಬ್ಬರೂ ನಡೆದುಕೊಂಡೇ ನಮ್ಮೂರಿಗೆ ಬಂದಿರಿ. ಭಾಲ್ಕಿಯ ದಾರಿ ತಣ್ಣಗಾಗಲಿ, ಎರಡು ದಿನ ಬಿಟ್ಟು ಕಾಕಾ ಹೋಗಲಿ ಎಂದುಕೊಂಡಿರಿ. ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ನಡುಮಧ್ಯಾಹ್ನ, ಗೆದ್ದ ಫೌಜಿನವರ ಲಾರಿ ಬರುತ್ತಿದೆ ಎಂದು ಯಾರೋ ಕೂಗಿದರು. ನೀನು ಊರಿನವನು, ನಿನ್ನ ಪರವಾಗಿ ನಾಲ್ಕು ಜನ ನಿಲ್ಲುತ್ತಾರೆ. ಕಾಕಾ ಬೇರೆ ಊರಿನವರು. ಇಬ್ಬರ ಕೋಟು, ಕಾಗದ ಇಟ್ಟ ತಗಡಿನ ಪೆಟ್ಟಿಗೆ, ಜೊತೆಗೆ ಕಾಕಾ, ಎಲ್ಲವನ್ನೂ ಹಗೇವಿಗೆ ಇಳಿಸಿ, ಹಗ್ಗ ಮೇಲೆಳೆದುಕೊಂಡು, ಕಲ್ಲು ಮುಚ್ಚಿ, ಮೇಲೆ ಕಂಬಳಿ ಹಾಸಿದೆ ನೀನು.

"ಹಗೇವಕ್ಕ ಮನಷ್ಯಾ ಇಳಿಯೂಕಿಂತ ಮದಲ ದೀಪ ಇಳಸಬೇಕವ್ವಾ" ಎಂದು ನನ್ನ ಕೈ ಹಿಡಿದುಕೊಂಡು ಹೇಳಿದೆ. "ದೀಪ ಆರ್ತು ಅಂದ್ರ ಒಳಗ ಕೆಟ್ಟ ಗಾಳಿ ಅದ. ಹಾಲು ಕುಡಿಯೋ ಕೂಸಿಗೂ ಗೊತ್ತು. ನಾ ಇಳಸಲಿಲ್ಲ. ಲಾರಿ ಸಪ್ಪಳ ಕೇಳಿ ಗಡಿಬಿಡಿಯೊಳಗ ಕಲ್ಲು ಎಳದುಬಿಟ್ಟೆ." ತಳದಲ್ಲಿ ಉಳಿದಿದ್ದ ಜೋಳ ಆ ವರ್ಷದ ಮಳೆಗೆ ಕೊಳೆತಿತ್ತು. ಲಾರಿಯವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮನೆಗೆ ಬಂದ ಸಿಪಾಯಿಗಳ ಹೆಸರು ಬರೆದುಕೊಳ್ಳಲು ಬಂದವರು ಅವರು, ಕ್ರಮದಂತೆ ಬಿಡುಗಡೆ ಕೊಡುವುದಕ್ಕೆ. ಅದೇ ಕಂಬಳಿಯ ಮೇಲೆ ಕುಳಿತು ಮಜ್ಜಿಗೆ ಕುಡಿದರು. ಜೊತೆಗೆ ಯಾರು ಬಂದರು ಎಂದು ಕೇಳಿದರು. "ನಾ ಒಬ್ಬನ ಬಂದೇನ್ರಿ. ಬಸಲಿಂಗ ಎಲ್ಲಿ ಓಡಿ ಹೋದ್ನೋ ಗೊತ್ತಿಲ್ಲ" ಎಂದೆ. ಆ ಮಾತೇ ಯಾದಿಯಲ್ಲಿ ಫರಾರಿ ಎಂದು ಕೂತಿತು. ಅವರು ಹೋದ ಮೇಲೆ ಕಲ್ಲು ಸರಿಸಿ ಕರೆದೆ. ಕಾಕಾ ಓಗೊಡಲಿಲ್ಲ. ಆಗ ದೀಪ ಇಳಿಸಿದೆ. ಅರ್ಧಕ್ಕೇ ಆರಿತು. ಮೇಲಿನಿಂದಲೇ ಒಂದು ಹಿಡಿ ವಿಭೂತಿ ಬಿಟ್ಟು ಮತ್ತೆ ಮುಚ್ಚಿದೆ. "ಸಪ್ಪಳ ಏನೂ ಮಾಡ್ಲಿಲ್ಲವ್ವಾ ಅಂವ. ಹಂಗ ನಿದ್ದಿ ಹತ್ತಿರಬೇಕು." ನಾನು ನಂಬಿದೆ. ನಂಬದೆ ಏನು ಮಾಡಲಿ? ನಾಲ್ಕು ದಿನಕ್ಕೆ ನೀನೂ ಹೋದೆ.

ನಿನ್ನ ತಿಂಗಳ ಕಾರ್ಯ ಮುಗಿದ ಮೇಲೆ ಪೊಲೀಸ್ ಪಾಟೀಲರಿಗೆ ತಿಳಿಸಿ, ಹಗೇವು ತೆಗೆಯುವುದರಲ್ಲಿ ಪಳಗಿದ ಮಾಣಿಕಪ್ಪನನ್ನು ಕರೆಸಿದೆ. ಮೊದಲು ದೀಪ ಇಳಿಸಿದೆವು ಅಪ್ಪಾ. ಆರಿತು. ಎರಡು ದಿನ ಬಾಯಿ ತೆರೆದಿಟ್ಟು, ಬೇವಿನ ಟೊಂಗೆಯಿಂದ ಗಾಳಿ ಹೊಡೆದೆವು. ಮೂರನೆಯ ದಿನ ತಳದ ತನಕ ದೀಪ ಉರಿಯಿತು. ಮಾಣಿಕಪ್ಪ ಇಳಿದ. ಒಳಗಿನಿಂದಲೇ, "ಅಕ್ಕೋರ, ನೀವು ಮನಿಯೊಳಗ ನಡೀರಿ" ಎಂದ. ನಾನು ಹೋಗಲಿಲ್ಲ. ಕನ್ನಡಿ ತಂದು ಬಿಸಿಲನ್ನು ಒಳಗೆ ಬಿಟ್ಟು ನೋಡಿದೆ. ತಗಡಿನ ಪೆಟ್ಟಿಗೆ ಸರಿಯಾಗಿ ಬಾಯಿಯ ಕೆಳಗೆ ಇತ್ತು, ನೆಟ್ಟಗೆ ನಿಲ್ಲಿಸಿ. ಅದರ ಮೇಲೆ ಎರಡೂ ಕೋಟುಗಳು, ನೀನು ನನ್ನ ಸೀರೆ ಮಡಿಸುತ್ತಿದ್ದೆಯಲ್ಲ, ಅದೇ ಫೌಜಿನ ಮಡಿಕೆಯಲ್ಲಿ. ಹತ್ತಿ ನಿಲ್ಲಲು ಕಾಕಾ ಎತ್ತರ ಮಾಡಿಕೊಂಡಿದ್ದರು. ಕಾಕಾ ಪಕ್ಕದಲ್ಲಿ ಕುಸಿದಿದ್ದರು, ಒಂದು ಕೈ ಪೆಟ್ಟಿಗೆಯ ಮೇಲೆ. ಮಾಣಿಕಪ್ಪ ಪೆಟ್ಟಿಗೆಯ ಮೇಲೆ ಹತ್ತಿ ಕೈ ಎತ್ತಿದ. ಚಪ್ಪಡಿ ಕೂಡುವ ಅಂಚಿಗೆ ಅವನ ಬೆರಳುಗಳು ಆರಾಮಾಗಿ ಮುಟ್ಟಿದವು.

ಕಾಕಾನನ್ನು ಭಾಲ್ಕಿಗೆ ಒಯ್ದು ನಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಿದರು. ಚಿಗವ್ವನ ಬಳೆ ತೆಗೆಯುವಾಗ ನಾನು ಪಕ್ಕದಲ್ಲಿದ್ದೆ. "ನೋವು ಉಂಡ್ರೇನವ್ವಾ?" ಎಂದು ಕೇಳಿದರು. "ಇಲ್ಲ ಚಿಗವ್ವಾ. ಮಲಗಿದಲ್ಲೇ ಹೋಗ್ಯಾರ" ಎಂದೆ. ಅವರಿಗೆ ಸುಳ್ಳು ಹೇಳಿದೆ. ನಿನಗೆ ಹೇಳಲಾರೆ.

ಮೊನ್ನೆ ಗುಮಾಸ್ತ ಒಂದು ನಮೂನೆ ಕೊಟ್ಟಿದ್ದಾನೆ. ಪೆಟ್ಟಿಗೆಯಲ್ಲಿದ್ದ ಕಾಗದ ಎಣ್ಣೆ ಬಟ್ಟೆಯಲ್ಲಿ ಹಾಗೇ ಉಳಿದಿತ್ತು. ನಿನ್ನ ನೌಕರಿ ಪೂರಾ ಸಾಬೀತಾಗಿದೆ ಅಪ್ಪಾ, ನೀನು ಪ್ರಾಮಾಣಿಕ ಸಿಪಾಯಿ ಎಂದು ಅದರಲ್ಲಿ ಬರೆದಿದೆಯಂತೆ. ಕಾಕಾನ ಹೆಸರಿನ ಮುಂದಿನ ಫರಾರಿ ಅಳಿಸಬೇಕಾದರೆ ಅವರು ಹೇಗೆ ಸತ್ತರೆಂದು ನಾನು ಬರೆದು ರುಜು ಹಾಕಬೇಕು. "ವಿಚಾರ ಮಾಡ್ರಿ ಅಕ್ಕೋರ. ನಿಮ್ಮಪ್ಪ ಸುಳ್ಳು ಹೇಳಿಕಿ ಕೊಟ್ಟಾರ ಅಂತ ಆಗ್ತದ. ಅವರ ಹೆಸರು ಯಾದಿಯಿಂದ ಹೊಡದ ಹಾಕ್ತಾರ. ಪೊಲೀಸ್‌ನವ್ರು ನಿಮ್ಮನ್ನೂ ಕೇಳಾಕ ಬರ್ತಾರ" ಎಂದ. ಬರಲಿ. ದೀಪ ಇಳಿಸದೆ ಅವರನ್ನು ಇಳಿಸಿದವನು ನನ್ನ ತಂದೆ, ಓಡಿಹೋದರೆಂದು ಹೇಳಿದವನೂ ಅವನೇ ಎಂದು ಬರೆದಿದ್ದೇನೆ. ಸೋಮವಾರ ಕೊಟ್ಟು ಬರುತ್ತೇನೆ.

ನಮೂನೆಯ ಖಾನೆಯಲ್ಲಿ ಇನ್ನೂ ಒಂದು ಸಾಲಿಗೆ ಜಾಗ ಉಳಿದಿದೆ. ನಿನ್ನೆ ಮಾಣಿಕಪ್ಪನನ್ನು ಮತ್ತೆ ಕರೆಸಿ, ಮೊದಲು ದೀಪ ಇಳಿಸಿ ನೋಡಿ, ಹಗೇವಿಗೆ ಇಳಿಸಿದೆ. ಕಲ್ಲು ಮುಚ್ಚಿಸಿ, ಕಂಬಳಿ ಹಾಸಿ, ಮೇಲೆ ಕುಳಿತೆ. ಒಳಗಿನಿಂದ ಕಲ್ಲಿಗೆ ಎರಡು ಗುದ್ದು ಹಾಕೆಂದು ಹೇಳಿದ್ದೆ. ಹಾಕಿದ. ಯಾರೋ ದೂರದಲ್ಲಿ ಖಾರ ಕುಟ್ಟಿದ ಹಾಗೆ ಕೇಳಿತು.

ಆ ಸಾಲನ್ನು ನಾನು ಬರೆಯುವುದಿಲ್ಲ. ನೀನೇ ಹೇಳು, ಅಪ್ಪಾ. ಅವರು ಮಜ್ಜಿಗೆ ಕುಡಿಯುತ್ತಿದ್ದಾಗ ನಿನಗೆ ಕೇಳಿಸಿತ್ತು, ಅಲ್ಲವೇ?

ನಿನ್ನ ಮಗಳು
ಶಾಂತಾ